ನಂಬರ್ ಬರೆದವನ ಅಹವಾಲು

ಮೊದಲು ಕುಡಗೋಲಿನಿಂದ ತೊಗಟೆ ಕೆರೆಯಬೇಕು, ಅಂಗೈ ಅಗಲ. ಅಲ್ಲಿ ಕೆಂಪು ಬಣ್ಣ ಬಳಿದು, ಒಣಗಿದ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆಯಬೇಕು. ಎದೆಮಟ್ಟದಲ್ಲಿ ಟೇಪು ಸುತ್ತಿ ಒಬ್ಬ ಕೂಗುತ್ತಾನೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ: ಜಾತಿ, ಸುತ್ತಳತೆ, ಎತ್ತರ, ಷರಾ. ರಸ್ತೆ ಕೆಲಸದಲ್ಲಿ ಮೂವತ್ತೊಂದು ವರ್ಷ ಓವರ್‌ಸಿಯರ್ ಆಗಿದ್ದ ನಾನು ಹೀಗೆ ಎಷ್ಟು ಮರಗಳಿಗೆ ನಂಬರ್ ಬರೆಸಿದ್ದೇನೋ, ಲೆಕ್ಕ ಇಟ್ಟಿಲ್ಲ. ಒಂದು ಮಾತು ಮಾತ್ರ ಚೆನ್ನಾಗಿ ನೆನಪಿದೆ. ಷರಾ ಕಾಲಂನಲ್ಲಿ ‘ಮುದಿ ಮರ’ ಎಂದು ಬರೆದುಬಿಟ್ಟರೆ ಮೇಲಿನಿಂದ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಮುದಿಯಾದದ್ದು ಹೇಗೂ ಹೋಗುವುದೇ ಅಲ್ಲವೇ?

ಈಗ ನಾನೂ ಮುದಿಯಾಗಿದ್ದೇನೆ. ತಿಂಗಳಾದರೆ ಪಿಂಚಣಿ ಬರುತ್ತದೆ. ಬಳ್ಳಾರಿಯ ಪಾರ್ವತಿನಗರದ ಅಡ್ಡರಸ್ತೆಯೊಂದರಲ್ಲಿ ಮನೆ. ಮನೆಯಿಂದ ನಾಲ್ಕನೆಯ ಕಟ್ಟಡದ ಮುಂದೆ, ತಿರುವಿನಲ್ಲಿ, ಒಂದು ಬೇವಿನ ಗಿಡ. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಗಿಡ ಅಂತಲೇ ಕರೆಯುತ್ತೇವೆ. ಬೆಂಗಳೂರಿನಿಂದ ಬರುವ ಮೊಮ್ಮಗಳು ಅದಕ್ಕೆ ನಗುತ್ತಾಳೆ. ಸುತ್ತಳತೆ ಮೂರು ಮೀಟರ್ ಹತ್ತು ಸೆಂಟಿಮೀಟರ್. ಟೇಪು ಹಿಡಿಯುವ ಚಟ ಹೋಗಿಲ್ಲ ನೋಡಿ. ಈ ಬಡಾವಣೆ ಹೊಲವಾಗಿದ್ದಾಗಲೇ ಅದು ಬದುವಿನ ಮೇಲೆ ಇತ್ತಂತೆ. ಎಂಬತ್ತೋ ನೂರೋ, ವಯಸ್ಸು ಸರಿಯಾಗಿ ಹೇಳುವವರಿಲ್ಲ. ಆಲಕ್ಕೆ ನೂರು ವರ್ಷ ಹರೆಯ, ಬೇವಿಗೆ ಅದು ಮುಪ್ಪು. ಹಾಗಾಗಿ ‘ಹಳೆಯ ಮರ’ ಎನ್ನುವುದನ್ನು ವರ್ಷದಲ್ಲಿ ಅಳೆಯುವ ಮೊದಲು ಯಾವ ಜಾತಿ ಎಂದು ಕೇಳಬೇಕು. ಅದರ ಬುಡದಲ್ಲಿ ಒಬ್ಬ ಇಸ್ತ್ರಿಯವನು ಮೇಜು ಹಾಕಿಕೊಂಡಿದ್ದಾನೆ. ನನ್ನ ಅಂಗಿಗಳೂ ಅಲ್ಲಿಗೇ ಹೋಗುತ್ತವೆ.

ಈ ಬರಹಕ್ಕೆ ಕಾರಣವಾದದ್ದು ಆ ಬೇವಲ್ಲ, ಎರಡು ಬೀದಿ ಆಚೆಗಿದ್ದ ಹುಣಸೆ. ಮೂರು ವರ್ಷದ ಹಿಂದೆ ಭರಣಿ ಮಳೆ ಹನಿಯುವ ಮುಂಚೆ ಬೀಸುವ ಗಾಳಿ ಬೀಸಿತಲ್ಲ, ಆ ಸಂಜೆ ಅದು ಉರುಳಿತು. ನಿಲ್ಲಿಸಿದ್ದ ಒಂದು ಆಟೊ ಜಜ್ಜಿಹೋಯಿತು, ದೇವರ ದಯೆಯಿಂದ ಒಳಗೆ ಯಾರೂ ಇರಲಿಲ್ಲ. ಮರುದಿನ ಎಲ್ಲರ ಬಾಯಲ್ಲೂ ‘ಗಾಳಿಗೆ ಬಿದ್ದ ಮರ’. ನಾನು ಹೋಗಿ ಗುಂಡಿಯಲ್ಲಿ ಇಳಿದು ನೋಡಿದೆ. ಪಡುವಣ ಬದಿಯ ಬೇರುಗಳು ನಾರು ನಾರಾಗಿ, ಎಳೆದು ಹರಿದ ಹಗ್ಗದಂತೆ ಕಿತ್ತು ಬಂದಿದ್ದವು. ಇನ್ನೂ ಹಸಿ, ಕೆಂಪು. ಮೂಡಣ ಬದಿಗೆ ಕಿತ್ತುಬರಲು ಬೇರೇ ಇರಲಿಲ್ಲ. ಮುಂಗೈ ದಪ್ಪದ ಆರೇಳು ಮೋಟುಗಳು, ಎಲ್ಲವೂ ಒಂದೇ ಗೆರೆಯಲ್ಲಿ, ಸ್ಕೇಲು ಇಟ್ಟು ಕತ್ತರಿಸಿದ ಹಾಗೆ. ತುದಿಗಳು ಕಪ್ಪಾಗಿ ಕೊಳೆತಿದ್ದವು. ಬೆರಳಿಟ್ಟರೆ ನೆನೆದ ರಸ್ಕಿನಂತೆ ಉದುರುತ್ತಿದ್ದವು. ಎರಡು ವರ್ಷ ಮೊದಲು ಆ ಬದಿಯಲ್ಲಿ ಚರಂಡಿಗೆ ಜೆಸಿಬಿ ಓಡಿಸಿದ್ದರು. ಅರ್ಧ ಪಾದ ಕಳೆದುಕೊಂಡ ಮರ ಎರಡು ಬೇಸಿಗೆ ನಿಂತದ್ದೇ ಹೆಚ್ಚು. ಗಾಳಿಯ ಕೆಲಸ ಕೊನೆಯ ತಳ್ಳು ಮಾತ್ರ.

ಆ ಗೆರೆಯನ್ನು ನೋಡುತ್ತ ನಿಂತಾಗ ನನಗೆ ಹೊಟ್ಟೆಯೊಳಗೆ ಏನೋ ಆಯಿತು. ಅಂಥ ಗೆರೆಗಳನ್ನು ಸುಣ್ಣದ ಪುಡಿಯಲ್ಲಿ ಎಳೆಸಿದವನು ನಾನೇ. ನಮ್ಮ ಎಸ್ಟಿಮೇಟಿನಲ್ಲಿ ಕೊಡಲಿ ಹಾಕಿದ ಮರಕ್ಕೆ ಒಂದು ಸಾಲು ಇರುತ್ತಿತ್ತು. ಬೇರು ಕತ್ತರಿಸಿದ ಮರಕ್ಕೆ ಸಾಲೇ ಇಲ್ಲ. ಅದು ನಿಂತಿದೆಯಲ್ಲ, ಹಾಗಾಗಿ ಅದು ಉಳಿದ ಮರ.

ಹಳೆಯ ಮರ ಸಾಯುವುದು ಕೊಂಬೆಯಿಂದ ಅಲ್ಲ, ಪಾದದಿಂದ. ನೀರು, ಉಸಿರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ, ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಯ ನೆರಳಿನಿಂದಾಚೆಗೂ ಹರಡಿರುತ್ತವೆ. ಬುಡಕ್ಕೆ ತಾಗಿಸಿ ಟೈಲ್ಸ್ ಹಾಸಿದರೆ, ಅದರ ಕೆಳಗೆ ರೋಲರ್ ಓಡಿಸಿ ಮಣ್ಣನ್ನು ಗಟ್ಟಿ ಮಾಡಿದರೆ, ಆ ಬೇರಿಗೆ ಗಾಳಿ ಹೋಗುವುದಿಲ್ಲ, ನೀರೂ ಹೋಗುವುದಿಲ್ಲ. ಬಳ್ಳಾರಿಗೆ ವರ್ಷಕ್ಕೆ ಬೀಳುವುದೇ ಸುಮಾರು 500 ಮಿ.ಮೀ. ಮಳೆ. ಮೊದಲು ಅದು ಹದವಾಗಿ, ತಡೆದು ತಡೆದು ಬರುತ್ತಿತ್ತು. ಈಗ ಒಂದು ತಾಸು ಆಕಾಶ ಹರಿದಂತೆ ಸುರಿದು, ಮತ್ತೆ ಇಪ್ಪತ್ತು ದಿನ ಮುಖ ತೋರಿಸುವುದಿಲ್ಲ. ಆ ಒಂದು ತಾಸಿನ ನೀರು ಟೈಲ್ಸಿನ ಮೇಲೆ ಜಾರಿ ನೇರ ಚರಂಡಿ ಸೇರುತ್ತದೆ. ಮರ ನೋಡುತ್ತ ನಿಂತಿರುತ್ತದೆ.

ಹವಾಮಾನ ಬದಲಾವಣೆ ಅಂದರೆ ಉತ್ತರ ಧ್ರುವದ ಹಿಮಗಡ್ಡೆ ಎಂದು ತಿಳಿದವರು ಏಪ್ರಿಲ್ ಕೊನೆಗೆ ನಮ್ಮೂರಿಗೆ ಬರಬೇಕು. 42, 43 ಡಿಗ್ರಿ ನಮಗೆ ಹೊಸದಲ್ಲ, ಬಿಸಿಲಿನ ಊರು ಎಂಬ ಹೆಸರು ಹೊತ್ತು ಹುಟ್ಟಿದವರು ನಾವು. ಹೊಸದು ಎಂದರೆ ರಾತ್ರಿ. ಮೊದಲು ಹತ್ತು ಗಂಟೆ ಹೊತ್ತಿಗೆ ಮಾಳಿಗೆ ತಣಿಯುತ್ತಿತ್ತು, ಈಗ ಬೆಳಗಿನ ಜಾವದವರೆಗೂ ಬೆನ್ನು ಸುಡುತ್ತದೆ. ಮರಕ್ಕೂ ಅದೇ ಕಷ್ಟ. ಬಿಸಿಲೇರಿದಾಗ ಅದು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ನೀರು ಉಳಿಸುತ್ತದೆ. ಆದರೆ ಮುಚ್ಚಿಕೊಂಡಷ್ಟು ಹೊತ್ತು ಊಟವಿಲ್ಲ. ಮಣ್ಣು ಪೂರ್ತಿ ಒಣಗಿ ಎಲೆ ಎಳೆಯುವುದು ನಿಲ್ಲದಿದ್ದರೆ ಕಾಂಡದೊಳಗಿನ ನೀರಿನ ನಾಳಗಳಲ್ಲಿ ಗಾಳಿ ಗುಳ್ಳೆ ಸೇರಿಕೊಳ್ಳುತ್ತದೆ. ಮೋಟಾರಿಗೆ ಗಾಳಿ ಹಿಡಿದಾಗ ನೀರು ಏರುವುದಿಲ್ಲವಲ್ಲ, ಹಾಗೆ. ಎಳೆಯ ಗಿಡ ಹೊಸ ನಾಳ ಬೇಗ ಕಟ್ಟಿಕೊಳ್ಳುತ್ತದೆ. ದೊಡ್ಡ ಮರಕ್ಕೆ ಎತ್ತರ ಹೆಚ್ಚು, ದಾರಿ ಉದ್ದ, ಚೇತರಿಕೆ ನಿಧಾನ.

ಇದು ನಮ್ಮ ಓಣಿಯ ಮಾತಷ್ಟೇ ಅಲ್ಲ. ಆಫ್ರಿಕದ ಅತಿ ಹಳೆಯ 13 ಬಾವೊಬಾಬ್ ಮರಗಳಲ್ಲಿ 9 ಮರಗಳು 2005ರಿಂದೀಚೆಗೆ ಪೂರ್ತಿಯಾಗಿಯೋ ಭಾಗಶಃವೋ ಸತ್ತಿವೆ ಎಂದು 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಬದಲಾಗುತ್ತಿರುವ ಹವಾಮಾನದ ಮೇಲೆ ಅವರ ಅನುಮಾನ. ಆ ಮರದ ಬಳಗ ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲೂ ಇದೆ. ಜನ ಅದನ್ನು ದೊಡ್ಡ ಹುಣಸೆ ಎನ್ನುತ್ತಾರೆ, ಮಠಕ್ಕೂ ಅದೇ ಹೆಸರು. ಅಲ್ಲಿನ ಮೂರರಲ್ಲಿ ಒಂದು 2023ರ ಜುಲೈ ಮಳೆಗಾಳಿಯಲ್ಲಿ ಬುಡಮೇಲಾಯಿತು. ಅದನ್ನು ಎತ್ತಿ ಮತ್ತೆ ನೆಟ್ಟರು. ಅಷ್ಟು ದೊಡ್ಡ ಜೀವವನ್ನು ಎತ್ತಿ ನಿಲ್ಲಿಸಲು ಪಡುವ ಪಾಡಿನ ಕಾಲು ಭಾಗ ಅದು ನಿಂತಿದ್ದಾಗಲೇ ಪಟ್ಟಿದ್ದರೆ ಎಂದು ಓವರ್‌ಸಿಯರ್ ಬುದ್ಧಿ ಲೆಕ್ಕ ಹಾಕುತ್ತದೆ.

ನಮ್ಮ ಬೇವಿಗೂ ಒಂದು ಗಂಡಾಂತರ ಬಂದಿತ್ತು. 2021ರ ಮಳೆಗಾಲದ ಕೊನೆಗೆ ಚಿಗುರೆಲ್ಲ ಕಂದಿ, ಬೆಂಕಿ ತಾಗಿದಂತೆ ಮರ ಕಂದು ಬಣ್ಣವಾಯಿತು. ಆಂಧ್ರ, ತೆಲಂಗಾಣದ ಬೇವುಗಳಿಗೂ ಅದೇ ಗತಿ. ‘ಗಿಡಕ್ಕೂ ಕರೋನಾ ಬಂದೈತಿ ಸಾರ್’ ಎಂದ ಇಸ್ತ್ರಿಯವನು. ಕಡಿಸಿಬಿಡೋಣ, ಕಾಯಿಲೆ ಹರಡುತ್ತದೆ ಎಂದು ಇಬ್ಬರು ಅರ್ಜಿ ಬರೆಯಲು ಕೂತರು. ಅದು ಫೋಮಾಪ್ಸಿಸ್ ಎಂಬ ಶಿಲೀಂಧ್ರದ ಕೆಲಸ. ರಸ ಹೀರುವ ಟೀ ಸೊಳ್ಳೆ ಎಂಬ ತಿಗಣೆಯೂ ಅದಕ್ಕೆ ಜೊತೆಯಾಗುತ್ತದೆ. ತುದಿ ಚಿಗುರು ಸುಟ್ಟರೂ ಗಟ್ಟಿಯಾಗಿರುವ ಬೇವು ಸಾಮಾನ್ಯವಾಗಿ ಬೇಸಿಗೆಗೆ ಮತ್ತೆ ಚಿಗುರುತ್ತದೆ. ಕೃಷಿ ಇಲಾಖೆಯಲ್ಲಿದ್ದ ಗೆಳೆಯರೊಬ್ಬರು ಇದನ್ನು ಹೇಳಿ, ‘ಯುಗಾದಿವರೆಗೆ ಕಾಯ್ರಿ’ ಎಂದರು. ಕಾದೆವು. ಬೇವು-ಬೆಲ್ಲಕ್ಕೆ ಹೂವು ಅದೇ ಮರ ಕೊಟ್ಟಿತು. ಆದರೆ ಪ್ರತಿ ವರ್ಷ ಕಾಯಿಲೆ ಬಂದು, ಪ್ರತಿ ವರ್ಷ ಬುಡದಲ್ಲಿ ನೀರಿಲ್ಲದಿದ್ದರೆ ಎಷ್ಟು ಸಲ ಚಿಗುರೀತು?

ಬರಗಾಲ ನಮ್ಮ ಸೀಮೆಗೆ ಹೊಸದಲ್ಲ, ಮರಗಳು ಹೇಗೂ ತಡೆದುಕೊಳ್ಳುತ್ತವೆ ಎನ್ನುವವರಿದ್ದಾರೆ. ನಿಜ, 1876ರಿಂದ 78ರವರೆಗಿನ ಮಹಾ ಬರದಲ್ಲಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ ಎಷ್ಟು ಜನರನ್ನು ಕಳೆದುಕೊಂಡಿತೆಂಬುದು ಚರಿತ್ರೆ. ಸಿರುಗುಪ್ಪ, ಕುರುಗೋಡಿನ ದಾರಿಗಳಲ್ಲಿ ಅದನ್ನು ಕಂಡು ಉಳಿದ ಹುಣಸೆ, ಆಲಗಳು ಇದ್ದಿರಬೇಕು. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುವಾಗ ನಮ್ಮವ್ವ ಎತ್ತು ಬಿಚ್ಚಿಸುತ್ತಿದ್ದುದು ಒಂದೇ ಹುಣಸೆಯ ಕೆಳಗೆ. ಹಗಲು ಮಾತ್ರ, ರಾತ್ರಿ ಹುಣಸೆ ಕೆಳಗೆ ಮಲಗಲು ಬಿಡುತ್ತಿರಲಿಲ್ಲ. ಅಂದಿನ ಮರಕ್ಕೆ ಬರ ಒಂದೇ ಶತ್ರು. ಬುಡದಲ್ಲಿ ಮಣ್ಣಿತ್ತು, ಕೆಳಗೆ ಅಂತರ್ಜಲ ಇತ್ತು. ಇಂದಿನ ಮರಕ್ಕೆ ಮೇಲೆ ಬರ, ಪಕ್ಕದಲ್ಲಿ ಚರಂಡಿ, ಕಾಲಿಗೆ ಟೈಲ್ಸ್, ತಲೆಗೆ ಕರೆಂಟಿನ ತಂತಿ, ಹೊಟ್ಟೆಗೆ ಮೊಳೆ ಹೊಡೆದ ಕೋಚಿಂಗ್ ಕ್ಲಾಸಿನ ಬೋರ್ಡು, ಪೌರಕಾರ್ಮಿಕರು ಗುಡಿಸಿದ್ದಕ್ಕೆ ಯಾರೋ ಬುಡದಲ್ಲೇ ಹಚ್ಚುವ ಬೆಂಕಿ. ಒಂದೊಂದಾಗಿ ಯಾವುದೂ ಕೊಲ್ಲುವುದಿಲ್ಲ. ಇವೆಲ್ಲ ಇರುವಾಗ ಎರಡು ಡಿಗ್ರಿ ಬಿಸಿಲು ಹೆಚ್ಚಾದರೆ ಕೊಲ್ಲುತ್ತದೆ.

ಒಂದು ಮರ ಹೋದರೆ ಹತ್ತು ಸಸಿ ನೆಡುತ್ತೇವೆ ಎನ್ನುವುದು ನಾನೂ ಕಡತದಲ್ಲಿ ಬರೆದ ವಾಕ್ಯ. ಕೆ.ಎಂ. ಮುನ್ಷಿಯವರು 1950ರಲ್ಲಿ ವನಮಹೋತ್ಸವ ಶುರು ಮಾಡಿದಾಗಿನಿಂದ ಈ ದೇಶದಲ್ಲಿ ಸಸಿ ನೆಟ್ಟ ಫೋಟೊಗಳಿಗೆ ಕೊರತೆಯಿಲ್ಲ. 403 ಜಾತಿಯ ಮರಗಳ ಅಳತೆ ಸೇರಿಸಿ 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಬಹುಪಾಲು ಜಾತಿಗಳಲ್ಲಿ ಮರ ದೊಡ್ಡದಾದಷ್ಟೂ ವರ್ಷಕ್ಕೆ ಅದು ಕೂಡಿಸಿಕೊಳ್ಳುವ ತೂಕ, ಅಂದರೆ ಇಂಗಾಲ, ಹೆಚ್ಚುತ್ತಲೇ ಹೋಗುತ್ತದೆ. ಮುದಿ ಮರ ದುಡಿಯುವುದಿಲ್ಲ ಎಂಬ ನನ್ನ ಷರಾ ತಪ್ಪು. ನೆರಳಿನ ಲೆಕ್ಕವೂ ಇದೆ: ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ಅಳೆದಾಗ, ಮರವಿರುವ ಕಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೆ, ರಸ್ತೆಯ ಮೈ 27.5 ಡಿಗ್ರಿಯವರೆಗೆ ತಂಪಾಗಿತ್ತು. ಬೆಂಗಳೂರಿನಲ್ಲೇ ಹೀಗಾದರೆ ಇಲ್ಲಿ? ಕನಕದುರ್ಗಮ್ಮನ ಸಿಡಿಬಂಡಿಗೆ ಬರಿಗಾಲಲ್ಲಿ ನಡೆಯುವ ಹೆಂಗಸರನ್ನು ಕೇಳಿದರೆ ಥರ್ಮಾಮೀಟರ್ ಬೇಕಾಗುವುದಿಲ್ಲ. ಎರಡಡಿ ಸಸಿ ಆ ಕಾಲುಗಳಿಗೆ ನೆರಳು ಕೊಡುವ ಹೊತ್ತಿಗೆ ನಾನಿರುವುದಿಲ್ಲ, ಬಹುಶಃ ಸಸಿಯೂ ಇರುವುದಿಲ್ಲ.

ಯಾರೂ ನೆಡದೆ, ನೀರು ಹಾಕದೆ ನಮ್ಮ ಜಿಲ್ಲೆಯಲ್ಲಿ ಸೊಂಪಾಗಿ ಬೆಳೆಯುವುದು ಒಂದೇ. ಇಡೀ ಕರ್ನಾಟಕ ಅದನ್ನು ‘ಬಳ್ಳಾರಿ ಜಾಲಿ’ ಎನ್ನುತ್ತದೆ. ಅಮೆರಿಕ ಖಂಡದಿಂದ ಬಂದ ಮುಳ್ಳುಗಿಡಕ್ಕೆ ನಮ್ಮ ಹೆಸರು! ಹಳೆಯ ಮರ ಸತ್ತ ಜಾಗದಲ್ಲಿ ಕೊನೆಗೆ ಬರುವುದು ಅದೇ.

ಕಾನೂನು ಇಲ್ಲವೇ ಅಂದರೆ ಇದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಮರಗಳ ಗಣತಿ ಆಗಬೇಕು ಎಂದು ಅದರಲ್ಲಿದೆ. ಆದರೆ ಬುಡಕ್ಕೆ ಟೈಲ್ಸ್ ಹಾಸುವವನು ಯಾವ ಅಧಿಕಾರಿಯ ಮುಂದೆ ನಿಂತು ಅನುಮತಿ ಕೇಳಿದ್ದನ್ನೂ ನನ್ನ ನೌಕರಿಯಲ್ಲಿ ನೋಡಲಿಲ್ಲ. ಮಹಾರಾಷ್ಟ್ರ 2021ರಲ್ಲಿ ತನ್ನ ಕಾಯ್ದೆ ತಿದ್ದಿ, ಐವತ್ತು ವರ್ಷ ದಾಟಿದ ನಗರದ ಮರಗಳನ್ನು ಪಾರಂಪರಿಕ ಮರ ಎಂದಿತು. ಕಡಿದರೆ ಆ ಮರದ ವಯಸ್ಸು ಎಷ್ಟೋ ಅಷ್ಟು ಸಸಿ ನೆಡಬೇಕು. ಹರಿಯಾಣದಲ್ಲಿ ಎಪ್ಪತ್ತೈದು ದಾಟಿದ ಮರಕ್ಕೆ ಪಿಂಚಣಿಯೇ ಇದೆ, ವರ್ಷಕ್ಕೆ 2,750 ರೂಪಾಯಿಯಂತೆ ಶುರುವಾದದ್ದು. ನನ್ನದಕ್ಕಿಂತ ಕಡಿಮೆ, ಆದರೆ ಮರಕ್ಕೆ ಬಿ.ಪಿ. ಗುಳಿಗೆಯ ಖರ್ಚಿಲ್ಲ. ದಿಲ್ಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತು. ನಮ್ಮ ರಾಜ್ಯ ಹಿಂದುಳಿದಿದೆ ಎಂದೇನೂ ಅಲ್ಲ. ದೇವನಹಳ್ಳಿಯ ಬಳಿಯ ನಲ್ಲೂರು ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದವರು ನಾವೇ. ಆದರೆ ತೋಪಿಗೆ ಬೋರ್ಡು ಹಾಕುವುದು ಸುಲಭ. ಬೀದಿಯ ತಿರುವಿನಲ್ಲಿ ಒಂಟಿಯಾಗಿ ನಿಂತ ಮರಕ್ಕೆ ದಿಕ್ಕಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡಿನ ಹಳೆಯ ಮರಗಳದ್ದೊಂದು ರಿಜಿಸ್ಟರ್ ಆಗಲಿ. ಜಾತಿ, ಸುತ್ತಳತೆ, ಎತ್ತರದ ಜೊತೆಗೆ ಇನ್ನೊಂದು ಕಾಲಂ: ಬುಡದಲ್ಲಿ ಎಷ್ಟು ಅಡಿ ಬರಿ ಮಣ್ಣಿದೆ? ಚರಂಡಿ, ಕೇಬಲ್, ಪೈಪಿನ ಎಸ್ಟಿಮೇಟಿಗೆ ಸಹಿ ಹಾಕುವ ಮುನ್ನ ಆ ರಿಜಿಸ್ಟರ್ ತೆರೆಯಲಿ. ಗೆರೆಯನ್ನು ನಾಲ್ಕು ಮೀಟರ್ ಆಚೆ ಎಳೆಯಲು ನನಗೆ ಯಾವತ್ತೂ ಕಷ್ಟವಿರಲಿಲ್ಲ. ಯಾರೂ ಹೇಳಲಿಲ್ಲ, ನಾನು ಎಳೆಯಲಿಲ್ಲ. ದುಡ್ಡಿನ ಮಾತೇ ಬೇಡ. ಗಣಿ ಜಿಲ್ಲೆ ಇದು. ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಬರುತ್ತದೆ, ಗಣಿಯಿಂದ ಹಾಳಾದದ್ದನ್ನು ಸರಿಪಡಿಸಲೆಂದೇ ಬೇರೆ ನಿಗಮವೂ ಇದೆ. ಸಂಡೂರಿನ ದೇವದಾರಿಯಲ್ಲಿ ಗಣಿಗೆಂದು ಲೆಕ್ಕ ಹಾಕಿದ ಮರಗಳೇ 99 ಸಾವಿರ ದಾಟುತ್ತವೆ. ಅಷ್ಟನ್ನು ಎಣಿಸಲು ಜನ ಸಿಕ್ಕಿದ್ದರೆ ಊರೊಳಗಿನ ಮುದುಕರನ್ನು ಎಣಿಸಲು ಸಿಗುವುದಿಲ್ಲವೇ?

ಬಿದ್ದರೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆಟೊ ಜಜ್ಜಿದ್ದನ್ನು ಕಂಡವನು. ಕೆಲವು ಮರ ಕಡಿಯಲೇಬೇಕಾಗುತ್ತದೆ, ಅದನ್ನು ನೋಡಿ ಹೇಳುವ ತಿಳಿದವರು ಬೇಕು. ಆದರೆ ತಂತಿಗೆ ತಾಗುತ್ತದೆಂದು ಒಂದೇ ಬದಿ ಬೋಳಿಸಿದರೆ ಭಾರ ಇನ್ನೊಂದು ಬದಿಗೆ ವಾಲುತ್ತದೆ. ಬೀಳದ ಮರವನ್ನು ಬೀಳಿಸುವ ವಿದ್ಯೆ ಅದು. ಪೊಟರೆಗೆ ಸಿಮೆಂಟ್ ತುಂಬುವುದೂ ಹಾಗೆಯೇ, ಮರ ತೂಗುತ್ತದೆ, ಸಿಮೆಂಟ್ ತೂಗುವುದಿಲ್ಲ, ನಡುವಿನ ಸಂದಿನಲ್ಲಿ ನೀರು ನಿಂತು ಕೊಳೆಯುತ್ತದೆ. ಆಲದ ಬಿಳಲು ತಲೆಗೆ ತಾಗುತ್ತದೆಂದು ಅಂಗಡಿಯವರು ಕತ್ತರಿಸುತ್ತಾರೆ. ಕೆಂಗೇರಿ ಹತ್ತಿರದ ದೊಡ್ಡ ಆಲದ ಮರದ ಮೂಲ ಕಾಂಡ ರೋಗದಿಂದ ಹೋಗಿ ಎಷ್ಟೋ ವರ್ಷವಾಯಿತು. ಮರವನ್ನು ಹೊತ್ತು ನಿಂತಿರುವುದು ಬಿಳಲುಗಳೇ. ತೆಲಂಗಾಣದ ಮೆಹಬೂಬ್‌ನಗರದಲ್ಲಿ ಗೆದ್ದಲು ತಿಂದ ಪಿಲ್ಲಲಮರ್ರಿ ಆಲಕ್ಕೆ 2018ರಲ್ಲಿ ಆಸ್ಪತ್ರೆಯ ಡ್ರಿಪ್ ಬಾಟಲಿ ತೂಗುಹಾಕಿ ಔಷಧಿ ಇಳಿಸಿದರು, ಕೊಂಬೆಗಳಿಗೆ ಆಸರೆ ಕಂಬ ಕಟ್ಟಿದರು. ಮನಸ್ಸಿದ್ದರೆ ಇಷ್ಟೆಲ್ಲ ಆಗುತ್ತದೆ.

ನಮ್ಮ ಬೇವಿಗೆ ಕಳೆದ ವರ್ಷ ಟೈಲ್ಸ್ ಬಂತು. ಕಾಂಡಕ್ಕೆ ಒತ್ತಿ, ತೊಗಟೆಯ ಉಬ್ಬಿಗೆ ಸರಿಯಾಗಿ ಟೈಲ್ ಕತ್ತರಿಸಿ ಕೂರಿಸಿದ್ದರು. ಕೆಲಸ ನೀಟಾಗಿತ್ತು, ಅದನ್ನು ಒಪ್ಪಬೇಕು. ಈ ಫಾಲ್ಗುಣದಲ್ಲಿ, ಬಾಯಿಮಾತಿನ ಒಪ್ಪಿಗೆಯೊಂದನ್ನು ಸಂಪಾದಿಸಿ, ಹಾರೆ ಹಿಡಿದು ನಾನೂ ಎದುರು ಮನೆಯ ಹುಡುಗನೂ ಮೂಡಣ ಬದಿಯ ಎರಡು ಸಾಲು ಎಬ್ಬಿಸಿದೆವು. ಕೆಳಗಿನ ಮಣ್ಣು ಸಲಿಕೆಗೆ ಬಗ್ಗಲಿಲ್ಲ. ಬೇರಿಗೆ ತಾಗದಂತೆ ಮೇಲೆ ಮೇಲೆ ಸಡಿಲಿಸಿ, ಎರಡು ಪುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿ, ಅದರದೇ ಉದುರಿದ ಎಲೆ ನಾಲ್ಕು ಬೆರಳು ದಪ್ಪ ಹರಡಿದೆವು, ಕಾಂಡಕ್ಕೆ ತಾಗದ ಹಾಗೆ. ಹದಿನೈದು ದಿನಕ್ಕೊಮ್ಮೆ ಟ್ಯಾಂಕರ್ ನೀರು, ಸಣ್ಣ ಪೈಪಿನಲ್ಲಿ, ಬುಡಕ್ಕಲ್ಲ, ಎರಡು ಮಾರು ಆಚೆ. ನಳದ ನೀರಿಗೆ ಕೊಡ ಸಾಲಿಡುವ ಊರಲ್ಲಿ ಮರಕ್ಕೆ ಟ್ಯಾಂಕರ್ ತರಿಸಿದರೆ ಜನ ಏನೆಂದಾರು ಎಂದು ನನ್ನಾಕೆ ಹೆದರಿದ್ದಳು. ಅಂದದ್ದು ಒಬ್ಬನೇ, ಟ್ಯಾಂಕರಿನ ಹುಡುಗ: ‘ಯಾವ ಮನಿಗೆ ಸಾರ್, ಸಂಪು ಎಲ್ಲೈತಿ?’ ತೋರಿಸಿದೆ. ಅವನು ಒಮ್ಮೆ ಮರ ನೋಡಿದ, ಒಮ್ಮೆ ನನ್ನನ್ನು ನೋಡಿದ, ಪೈಪು ಎಳೆದ.

ಇಸ್ತ್ರಿಯವನದ್ದು ಬೇರೆ ತಕರಾರು. ನೀರು ಬಿಟ್ಟ ದಿನ ಕೆಸರು ಸಿಡಿದು ಒಂದು ಬಿಳಿ ಪಂಚೆಗೆ ಕಲೆಯಾಯಿತು. ‘ನೀವೇನೋ ಪುಣ್ಯ ಕಟ್ಕೊಂತೀರಿ, ಗಿರಾಕಿಗೆ ನಾನೇನು ಹೇಳ್ಲಿ ಸಾರ್?’ ಎಂದ. ಪಂಚೆ ಒಗೆಸಿದ ದುಡ್ಡು ನಾನು ಕೊಟ್ಟೆ. ಅವನು ಮೇಜನ್ನು ಪಡುವಣಕ್ಕೆ, ಇನ್ನೂ ಟೈಲ್ಸ್ ಇರುವ ಕಡೆಗೆ ಸರಿಸಿಕೊಂಡಿದ್ದಾನೆ. ಆ ಬದಿಯನ್ನೂ ಎಬ್ಬಿಸಬೇಕು ಎಂದರೆ, ಮಳೆ ಬರುವವರೆಗೆ ತಡೆಯಿರಿ, ಆಮೇಲೆ ಹೇಗೂ ನಾನು ಮೇಜು ಒಳಗಿಡುತ್ತೇನೆ ಎಂದಿದ್ದಾನೆ. ರೋಹಿಣಿ ಮಳೆಗೆ ಎಂದು ಮಾತಾಗಿದೆ.